ಬಟ್ಟೆಕಂಬದ ಬಾಡಿಗೆದಾರರು

ಅಕ್ಟೋಬರಿನ ಮೊದಲ ಸೋಮವಾರ. ಬುಟ್ಟಿ ಸೊಂಟಕ್ಕಾನಿಸಿ
ಹಿತ್ತಲಿಗೆ ಬಂದರೆ
ನಾಲ್ಕು ಕೈ ಚಾಚಿ ನಿಂತ ನಮ್ಮ ಬಟ್ಟೆಕಂಬದ
ಒಂದು ಕೈಗೆ ತಂತಿ ಕೂಡುವಲ್ಲಿ
ಟೀ ಬಟ್ಟಲಿನಷ್ಟೇ ಒಂದು ಗೂಡು.
ಜೇಡನ ನೂಲಲ್ಲಿ ಹೊಲಿದದ್ದು, ಬೂದಿ ಬಣ್ಣದ್ದು.
ಪಕ್ಕದಲ್ಲೇ ಬಾಲ ಕುಣಿಸುತ್ತಿದ್ದ ವ್ಯಾಗ್‌ಟೇಲ್
ನನ್ನನ್ನೇ ಗದರಿತು: ಯಾರು ನೀನು, ಇಲ್ಲೇನು ಕೆಲಸ?

ಮೂವತ್ತೊಂದು ವರ್ಷದಿಂದ ಇಲ್ಲೇ ಹರವುತ್ತಿದ್ದೇನೆ ತಾಯಿ,
ಅಂದೆ. ಕಿವಿಗೆ ಹಾಕಿಕೊಳ್ಳಲಿಲ್ಲ.

ಕ್ಲೆಮ್ ಬಂದ. ಮಂಡಿನೋವಿನ ಕಾಲು ಮೊದಲು, ಆಮೇಲೆ ಅವನು.
ಕಣ್ಣು ಕಿರಿದು ಮಾಡಿ ನೋಡಿದ.
ಒಳಗೆ ಹೋಗಿ ಹಳೇ ಟೈ ತಂದು ಕಂಬವನ್ನು ಬೇಲಿಗೆ ಬಿಗಿದ,
ಗಾಳಿಗೂ ತಿರುಗಬಾರದು.
ಆ ಟೈ ಅವನು ಕಟ್ಟಿದ್ದು ಎರಡೇ ಸಲ:
ನಮ್ಮ ಮದುವೆಗೆ, ಮತ್ತೆ ಶೆಪರ್ಟನ್ನಿನ ಹಣ್ಣಿನ ಕಾರ್ಖಾನೆ
ಕೈಕುಲುಕಿ ಮನೆಗೆ ಕಳಿಸಿದ ದಿನ.
"ಒಂದು ತಿಂಗಳ ಮಟ್ಟಿಗೆ," ಅಂದ. ಅಷ್ಟೇ ಅವನ ಮಾತು.

ಒಂದು ತಿಂಗಳ ಮಟ್ಟಿಗೆ
ನಮ್ಮ ಮನೆಯ ಒದ್ದೆಯೆಲ್ಲ ಬೀದಿಯೆದುರು ಬಂತು.
ಮುಂಜಗಲಿಯ ಕಟಾಂಜನದ ಮೇಲೆ ಟವೆಲು,
ಗುಲಾಬಿ ಮುಳ್ಳಿಗೆ ಕಾಲುಚೀಲ,
ಕುರ್ಚಿಯ ಬೆನ್ನಿಗೆ ಕ್ಲೆಮ್‌ನ ಒಳಚಡ್ಡಿ.
ಅಂಚೆಯ ಹುಡುಗಿ ಆಕಾಶ ನೋಡುತ್ತ ಕಾಗದ ಕೊಟ್ಟು ಹೋದಳು.
ಹೊದಿಕೆಗಳಿಗೆ ಸ್ತಾವ್ರೂಲಾ ತನ್ನ ತಂತಿ ಕೊಟ್ಟಳು,
ಬೇಲಿಯಾಚೆಯಿಂದ, ಒಂದು ಚೀಲ ನಿಂಬೆಹಣ್ಣಿನ ಸಮೇತ.
ಅವಳು ಹುಟ್ಟಿದ ದ್ವೀಪದಲ್ಲಿ, ಮನೆಯೊಳಗೆ ಹಕ್ಕಿ ಗೂಡಿಟ್ಟರೆ
ಕಿಟಕಿಯನ್ನೇ ಮುಚ್ಚುವುದಿಲ್ಲವಂತೆ.
ಚಳಿಗಾಲದಲ್ಲೂ? ಅಂದೆ.
ಚಳಿಗಾಲದಲ್ಲಿ ಅಲ್ಲಿರೋದಕ್ಕೆ ಅವಕ್ಕೇನು ಹುಚ್ಚೆ, ಅಂದಳು.

ಹಿತ್ತಲು ತನ್ನ ಪಾಡಿಗೆ ತಾನಿತ್ತು.
ಗಮ್ ಮರ ತೊಗಟೆ ಸುಲಿದು ಚೆಲ್ಲಿತು,
ಗುಡಿಸಿದೆ, ಮತ್ತೆ ಚೆಲ್ಲಿತು.
ನೀಲಿ ನಾಲಿಗೆಯ ಹಲ್ಲಿ ಮೆಟ್ಟಿಲಡಿಯಿಂದ ಬಂದು
ಊಟವಾದ ಮೇಲೆ ಬೆಲ್ಟು ಸಡಿಲಿಸಿದವರಂತೆ
ಬಿಸಿಲಲ್ಲಿ ಹರಡಿಕೊಂಡಿತು.
ಮಳೆನೀರಿನ ಟ್ಯಾಂಕಿನ ಹಿಂದೆ ಒಂದೇ ಒಂದು ಕಪ್ಪೆ
ರಾತ್ರಿಯಿಡೀ ಯಾರಿಗೋ ಬಾಕಿ ಲೆಕ್ಕ ಒಪ್ಪಿಸಿತು.
ಮ್ಯಾಗ್‌ಪೈ ಬಂತೆಂದರೆ ಆ ಪುಟಾಣಿ
ಅದರ ಬೆನ್ನ ಮೇಲೇ ಏರಿ ಕುಕ್ಕಿ ಕುಕ್ಕಿ ಓಡಿಸುವುದು.
ನೋಡಿ ಕ್ಲೆಮ್ ಮೇಜಿಗೆ ಚಮಚ ಬಡಿದು ನಕ್ಕ.
ಜೂನ್ ಆದಮೇಲೆ ಆ ನಗು ನಾನು ಕೇಳಿರಲಿಲ್ಲ.

ನವೆಂಬರಿನ ಒಂದು ಬೆಳಗ್ಗೆ ತಂತಿಯ ಮೇಲೆ ಮೂರು ಮರಿ,
ಯಾರೋ ಸಿಕ್ಕಿಸಿ ಮರೆತ ಕ್ಲಿಪ್ಪುಗಳು.
ಮಧ್ಯಾಹ್ನಕ್ಕೆ ಎರಡು.
ಸಂಜೆಗೆ ತಂತಿ ಬರೀ ತಂತಿ.

ಒಂದು ವಾರ ಕಾದೆವು, ಎಲ್ಲಾದರೂ ಮರಳಿದರೆ ಎಂದು.
ಆಮೇಲೆ ನಾನು ಸ್ಟೂಲು ಹತ್ತಿದೆ, ಅವನು ಸ್ಟೂಲು ಹಿಡಿದ.
ಗೂಡಿನೊಳಗೆ ಬೆರಳಾಡಿಸಿದೆ:
ಹುಲ್ಲಿನ ನಾರು, ನನ್ನ ಹಸಿರು ಉಣ್ಣೆಯ ಒಂದೆಳೆ,
ಸುತ್ತಲೂ ಒತ್ತಾಗಿ, ಮೆತ್ತಗೆ,
ಇಟ್ಟಿಗೆ ಬಣ್ಣದ ಕೂದಲು.

ವಾರಕ್ಕೊಮ್ಮೆ ಈ ಮೆಟ್ಟಿಲ ಮೇಲೆ ಕೂತು
ಪಿಪ್‌ನ ಮೈ ಬಾಚಿ ಕೂದಲನ್ನು ಗಾಳಿಗೆ ಬಿಡುತ್ತಿದ್ದ,
ಎಲ್ಲ ನನ್ನ ಒಗೆದ ಬಟ್ಟೆಗೇ ಅಂತ ಬೈಯುತ್ತಿದ್ದೆ.
ನಾಯಿ ಈಗ ಏಪ್ರಿಕಾಟ್ ಮರದ ಬುಡದಲ್ಲಿ.
ಕೂದಲು ಬೇಲಿಯ ಸಂದಿಯಲ್ಲೆಲ್ಲೋ ಉಳಿದಿತ್ತು.

"ಏನಿದೆ?" ಕೆಳಗಿಂದ ಕೇಳಿದ.
ಕೈ ಕೊಡು, ಅಂದೆ.
ಹೆಬ್ಬೆರಳಿಂದ ಉಜ್ಜಿದ. ಮೂಗಿನ ಹತ್ತಿರ ಹಿಡಿದ.
"ಬರೀ ಹಕ್ಕಿ ವಾಸನೆ," ಅಂದು
ಅಂಗಿಯ ಜೇಬಿಗೆ ಹಾಕಿಕೊಂಡ.

ಟೈ ಬಿಚ್ಚಲು ಬರಲಿಲ್ಲ, ಬಿಸಿಲಿಗೆ ಗಂಟು ಕಲ್ಲಾಗಿತ್ತು.
ಅಡಿಗೆಮನೆಯ ಕತ್ತರಿಯಿಂದಲೇ ಕತ್ತರಿಸಿದೆ.
ಕಂಬ ಕಿರ್ರೆಂದು ಅರ್ಧ ಸುತ್ತು ತಿರುಗಿ ನಿಂತಿತು.

ಇವತ್ತು ಆ ಅಂಗಿ ಒಗೆಯಲು ಬಿತ್ತು. ಜೇಬು ಖಾಲಿ.
ಎಲ್ಲಿಟ್ಟೆ ಅಂತ ಕೇಳಲಿಲ್ಲ.
ಮೂರು ಬದಿಗೆ ಬಟ್ಟೆ ಹರವಿದ್ದೇನೆ,
ನಾಲ್ಕನೆಯದು ಸದ್ಯಕ್ಕೆ ಹಾಗೇ ಇರಲಿ.
ಮಧ್ಯಾಹ್ನ ಉತ್ತರದ ಬಿಸಿಗಾಳಿ ಅಂತ ರೇಡಿಯೋ ಹೇಳಿದೆ,
ಇಪ್ಪತ್ತು ನಿಮಿಷಕ್ಕೆ ಒಣಗಿಬಿಡುತ್ತವೆ.