ಕೊಡೆ ರಿಪೇರಿಯವನ ಡೇವಿಸ್ ಕಪ್

ಸುಂಟಿಕೊಪ್ಪದ ಬಸ್‌ಸ್ಟ್ಯಾಂಡಿನೆದುರು, ಕೋಳಿ ಅಂಗಡಿಯ ಪಕ್ಕ,
ಮೇ ಕೊನೆಯಿಂದ ಅಕ್ಟೋಬರಿನವರೆಗೆ ನಾನು ಕೊಡೆಯವನು.
ಆಮೇಲೆ ಬ್ಯಾಗಿನ ಜಿಪ್ಪು, ಸೂಟ್‌ಕೇಸಿನ ಹಿಡಿ,
ಕ್ಲಬ್ಬಿನಿಂದ ಬರುವ ಟೆನಿಸ್ ರಾಕೆಟ್ಟು.
ಬಾಪ್ಪ ಹೇಳುತ್ತಿದ್ದರು:
ಕೊಡೆ ನೀರು ತಡೆಯಬೇಕು, ರಾಕೆಟ್ಟು ಗಾಳಿ ಬಿಡಬೇಕು,
ಎಳೆತ ಮಾತ್ರ ಒಂದೇ, ಆಲಿಕುಟ್ಟಿ,
ಬೆರಳಿಗೆ ಗೊತ್ತಾಗುತ್ತದೆ.

ಬಿದ್ದಪ್ಪ ಬಂದದ್ದು ಜನವರಿಯಲ್ಲಿ,
ಕಣದ ತುಂಬ ಕಾಫಿ ಒಣಗುವಾಗ.
ಆಲಿಕ್ಕಾ, ದೇಶದ ತಂಡದಲ್ಲಿ ನನ್ನ ಹೆಸರಿದೆ.
ಬೀಡಿ ಸೇದುತ್ತಿದ್ದ ಜೀಪು ಡ್ರೈವರು ನಕ್ಕ:
ಹೆಸರೇ ಬಿದ್ದಪ್ಪ, ಇನ್ನು ಏಳುವುದೆಲ್ಲಿ!
ನಾಲ್ವರಲ್ಲಿ ನಾಲ್ಕನೆಯವನು.
ಇಬ್ಬರು ಒಂಟಿಯಾಗಿ ಆಡುತ್ತಾರೆ,
ಅವರಲ್ಲೊಬ್ಬ ಮೂರನೆಯವನ ಜೋಡಿ.
ನೀನು?
ಟವೆಲ್ ಕೊಡುತ್ತೇನೆ.

ಫೆಬ್ರವರಿಯದು ನಮ್ಮ ದೇಶದಲ್ಲೇ, ಹುಲ್ಲಿನ ಮೇಲೆ.
ಐವತ್ತೆಂಟು ಪೌಂಡ್ ಎಳೆದು ಕೊಟ್ಟೆ.
ಗೆದ್ದೆವು, ಎರಡಕ್ಕೆ ಮೂರು.
ರಾಕೆಟ್ಟು ಹೋದ ಹಾಗೇ ಹಿಂದೆ ಬಂತು,
ಗೀರಿಲ್ಲ, ಬೆವರಿಲ್ಲ,
ಯಾರೂ ಬಿಚ್ಚದ ಹೊಸ ಕೊಡೆ.

ಏಪ್ರಿಲಿನಲ್ಲಿ ಹೂಮಳೆ ಬಿದ್ದ ಒಂಬತ್ತನೆಯ ದಿನ
ತೋಟವೆಲ್ಲ ಬೆಳ್ಳಗೆ, ಮೂಗು ಕಟ್ಟುವ ಪರಿಮಳ.
ಅವರ ಊರಲ್ಲಿ ಕೆಂಪು ಮಣ್ಣಂತೆ,
ಎರಡು ಪೌಂಡ್ ಇಳಿಸಿ ಎಂದ.
ಇಳಿಸಿದೆ. ಮತ್ತೆ ಗೆದ್ದೆವು.
ಪೇಪರಿನ ಫೋಟೋದಲ್ಲಿ ಬಿದ್ದಪ್ಪನ ಮೊಣಕೈ ಬಂದಿತ್ತು.
ಅವನ ಅವ್ವ ಅದನ್ನು ಕತ್ತರಿಸಿ,
ಮೊಣಕೈಗೆ ಶಾಯಿಯಲ್ಲಿ ಸುತ್ತು ಹಾಕಿ,
ಷೋಕೇಸಿನಲ್ಲಿಟ್ಟರು.

ಆಮೇಲೆ ಮಳೆ.
ಕೋರ್ಟಿನ ಮೇಲೆ ಪಾಚಿ,
ನನ್ನಲ್ಲಿ ಎಲುಬು ಮುರಿದ ಕೊಡೆಗಳ ಆಸ್ಪತ್ರೆ.
ಅವನು ಕಾಫಿ ಗೋದಾಮಿನ ಗೋಡೆಗೆ
ಒಬ್ಬನೇ ಚೆಂಡು ಹೊಡೆಯುತ್ತಿದ್ದ.
ಮೇಲೆ ಶೀಟಿನ ಮೇಲೆ ಮಳೆ, ಒಳಗೆ ಟಕ್, ಟಕ್,
ಯಾರು ಯಾರಿಗೆ ಉತ್ತರ ಕೊಡುತ್ತಿದ್ದರೋ.

ಕೈಲ್‌ಪೊಳ್ದ್ ಕಳೆದು ಮತ್ತೆ ಬಂದ.
ಮನೆಯಲ್ಲಿ ಕೋವಿಯ ಸಾಲಿನಲ್ಲಿ ರಾಕೆಟ್ಟನ್ನೂ ನಿಲ್ಲಿಸಿ
ಅವ್ವ ತೋಕ್‌ಪೂ ಸಿಕ್ಕಿಸಿದ್ದರಂತೆ.
ಕುತ್ತಿಗೆಯ ಸಂದಿಯಲ್ಲಿ ಒಣಗಿದ ಒಂದೆಸಳು.
ಹಾಗೇ ಬಿಟ್ಟು ತಂತಿ ಎಳೆದೆ.
ಕರುಳಿನ ತಂತಿ ಅದು, ತೇವ ಕುಡಿದರೆ ಸಡಿಲ,
ರಾತ್ರಿಯಿಡೀ ಒಲೆಯ ಮೇಲಿನ ಅಟ್ಟದಲ್ಲಿಟ್ಟಿದ್ದೆ.

ಶುಕ್ರವಾರ ಎರಡೂ ಹೋಯಿತು.
ಶನಿವಾರ ಜೋಡಿಯೂ ಹೋಯಿತು.
ಭಾನುವಾರ ಉಳಿದದ್ದಕ್ಕೆ ಡೆಡ್ ರಬ್ಬರ್ ಎನ್ನುತ್ತಾರಂತೆ.
ಹಾಲು ಬತ್ತಿದ ಮರ ಎಂದುಕೊಂಡೆ ನಾನು.
ಬೇಕರಿಯ ಟಿವಿಯಲ್ಲಿ ಬಿದ್ದಪ್ಪ ಗೆರೆಯ ಹತ್ತಿರ ನಿಂತ,
ಚೆಂಡು ಮೇಲೆಸೆದ,
ಅದು ಕೆಳಗೆ ಬರುವ ಮೊದಲು ಕ್ರಿಕೆಟ್ಟು ಬಂತು.

ಮರುದಿನದ ಪೇಪರಿನಲ್ಲಿ, ಇರುವೆ ಸಾಲಿನಷ್ಟು ಅಕ್ಷರದಲ್ಲಿ:
ಆರು-ಏಳು, ಆರು-ಏಳು.
ಒಟ್ಟು ಸೊನ್ನೆ-ಐದು.
ಜೀಪು ಡ್ರೈವರು ಏನೋ ಹೇಳಹೊರಟ,
ನನ್ನ ಮುಖ ನೋಡಿ ಬೀಡಿ ಹಚ್ಚಿಕೊಂಡ.

ಹತ್ತು ದಿನ ಬಿಟ್ಟು ಬಂದ, ಹರಿದ ತಂತಿ ಹಿಡಿದುಕೊಂಡು.
ಅವನು ಹೇಳಲಿಲ್ಲ, ನಾನು ಕೇಳಲಿಲ್ಲ.
ಬಲ್ಬಿನ ಕೆಳಗೆ ಹಿಡಿದು ನೋಡಿದೆ.
ಹೆದರಿದವನ ತಂತಿ ಅಂಚಿನಲ್ಲಿ ಹರಿಯುತ್ತದೆ,
ಮನಸ್ಸಿಲ್ಲದವನದು ಹರಿಯುವುದೇ ಇಲ್ಲ.
ಇದು ನಟ್ಟನಡುವೆ,
ಒಂದು ಚೆಂಡಿನಗಲ ಜಾಗದಲ್ಲಿ
ಎಳೆ ಎಳೆಯನ್ನು ತಿಂದು, ಕೂದಲಾಗಿ,
ಕೊನೆಗೆ ಹರಿದಿತ್ತು.
ಕ್ಯಾಪ್ಟನ್ ಕೂಡ ಬ್ಯಾಗು ಕಟ್ಟುತ್ತಿದ್ದ ಹೊತ್ತಿನಲ್ಲಿ
ಅಷ್ಟು ಹೊತ್ತು, ಅದೇ ಜಾಗದಲ್ಲಿ.

ನಡುವೆ, ಎಂದೆ.
ಹೌದಾ, ಎಂದ, ಬೇರೆ ಯಾರದೋ ಸುದ್ದಿ ಕೇಳಿದ ಹಾಗೆ.
ಆದರೂ ಬಗ್ಗಿ ನೋಡಿದ. ಬೆರಳಿಟ್ಟು ನೋಡಿದ.

ಅಷ್ಟರಲ್ಲಿ ಅಂಗನವಾಡಿ ಟೀಚರು ತೊಯ್ದು ಬಂದರು,
ಕೊಡೆಯ ಎರಡು ಕಡ್ಡಿ ಕಿತ್ತಿತ್ತು.
ಮಳೆ ಜೋರು. ಅವರದನ್ನು ಮೊದಲು ಕೈಗೆತ್ತಿಕೊಂಡೆ.
ಬಿದ್ದಪ್ಪ ಎದ್ದು ಅವರಿಗೆ ಸ್ಟೂಲು ಬಿಟ್ಟುಕೊಟ್ಟ,
ತನ್ನ ಚೀಲದಿಂದ ತೆಗೆದು
ಟವೆಲ್ ಕೊಟ್ಟ.