ಷರಾ

ಪ್ರಶ್ನಾವಳಿಗೆ ಎರಡು ಪುಟ. ಮೊದಲನೆಯದು ಅವನಿಗೆ,
ಎರಡನೆಯದು ಮನೆಯಲ್ಲಿ ಜೊತೆಗಿರುವವರಿಗೆ.
ಮೂವತ್ತೊಂದನೇ ನಂಬರಿನವನ ಜೊತೆಗಿರುವವಳು
ಮೇಜಿನ ಮೇಲೆ ಬಾಟಲಿಯೊಂದನ್ನು ಇಟ್ಟಳು:
ಮಾವಿನಕಾಯಿ ಚಟ್ನಿ, ಮುಚ್ಚಳದ ಮೇಲೆ ಹೋದ ವರ್ಷದ ತಾರೀಖು.
ಉಡುಗೊರೆ ತಗೊಳ್ಳುವಂತಿಲ್ಲ ಎಂದೆ, ನಿಯಮ.
'ಉಡುಗೊರೆಯಲ್ಲ, ಮನೆಯಲ್ಲಿ ಹೆಚ್ಚಾಗಿದೆ, ಅಷ್ಟೆ.'

ಟೌನ್ಸ್‌ವಿಲ್‌ನಲ್ಲಿ ನವೆಂಬರ್. ಕಾಸಲ್ ಬೆಟ್ಟದ ಕೆಂಬಂಡೆ
ಬೆಳಗಿನ ಎಂಟಕ್ಕೇ ಕಾದ ಹಂಚು.
ಏಸಿ ಕೋಣೆಯಲ್ಲಿ ನಾನು ಓದಿದೆ, ಒಂದೇ ಏರಿನಲ್ಲಿ,
ಯಾರ ಪರವನ್ನೂ ವಹಿಸದಂತೆ ಪಳಗಿಸಿದ ದನಿ:
ಕಳೆದ ಒಂದು ತಿಂಗಳಲ್ಲಿ,
ದಿಢೀರ್ ಸದ್ದಿಗೆ ಬೆಚ್ಚಿಬೀಳುವುದು:
ಇಲ್ಲವೇ ಇಲ್ಲ, ತುಸು, ಸಾಧಾರಣ, ಸಾಕಷ್ಟು, ವಿಪರೀತ.

ಅವಳು ಯೋಚಿಸಿದಳು. 'ಇಲ್ಲವೇ ಇಲ್ಲ.'
ಸೊನ್ನೆಗೆ ಸುತ್ತು ಹಾಕಿದೆ.

ಪಕ್ಕದ ಕೋಣೆಯಲ್ಲಿ ಅವನು, ಯಂತ್ರದ ಗಂಟಲೊಳಗೆ,
ಟಕಟಕ ಟಕಟಕ ನಡುವೆ, ಕದಲದೆ.
ಕದಲದಿರುವುದರಲ್ಲಿ ನಿಸ್ಸೀಮ.
ಹನ್ನೊಂದು ವರ್ಷ ಬಾಗಿಲು ಸಿಡಿಸುವುದನ್ನು ಕಲಿಸಿದವನು.
ಯುದ್ಧಕ್ಕೆ ಒಮ್ಮೆ ಹೋದ, ಒಂದು ತರಚೂ ಇಲ್ಲದೆ ಬಂದ.
ಪೆಟ್ಟೆಲ್ಲ ಇಲ್ಲೇ, ಊರಾಚೆಯ ಬಯಲಲ್ಲಿ,
ಪ್ರತಿ ಹೊಸ ತಂಡಕ್ಕೆ, ದಿನಕ್ಕೆ ಆರು ಸಲ:
ಗೋಡೆಗೆ ಬೆನ್ನು, ಬಾಯಿ ತೆರೆದು, ಒಂದು, ಎರಡು,
ಗಾಳಿ ಬಂದು ತಲೆಯೊಳಗಿನ ನೀರನ್ನು
ತುಳುಕಿಸಿ ಹೋಗುತ್ತಿತ್ತು.
ಸಂಜೆ ತಲೆನೋವು. ಎರಡು ಮಾತ್ರೆ. ಬಿಯರ್.
ಆಗ ಲೆಕ್ಕ ಇಟ್ಟವರಿಲ್ಲ. ನಾವೀಗ ಇಡುತ್ತಿದ್ದೇವೆ.
ಅಂದಾಜು ನಾಲ್ಕು ಸಾವಿರ.

ಪರದೆಯ ಮೇಲೆ ಮೆದುಳು ಬಂತು, ಪದರ ಪದರ,
ಇಸ್ತ್ರಿ ಮಾಡಿಟ್ಟ ಬಟ್ಟೆಯಷ್ಟು ಅಚ್ಚುಕಟ್ಟು.
ಡಾಕ್ಟರ್ ಹೇವುಡ್ ಕನ್ನಡಕ ಹಣೆಗೇರಿಸಿ
'ಏನೂ ಕಾಣುತ್ತಿಲ್ಲ' ಎಂದರು.
ಏನೂ ಇಲ್ಲ ಅನ್ನಲಿಲ್ಲ. ಕಾಣುತ್ತಿಲ್ಲ ಅಂದರು.
ಆ ವ್ಯತ್ಯಾಸಕ್ಕೇ ನಮಗೆ ಸಂಬಳ.

ಕಡೆಗೊಂದು ಖಾಲಿ ಚೌಕ: ಷರಾ.
ಪೆನ್ನಿನ ಟೋಪಿ ಹಾಕುತ್ತ ಸುಮ್ಮನೆ ಕೇಳಿದೆ,
ಇಷ್ಟೊಂದು ಚಟ್ನಿ ಯಾಕೆ?

'ಮರ ಮನೆಯ ಮೇಲೇ ಬಾಗಿದೆ. ತಗಡಿನ ಮಾಡು.
ಹಣ್ಣಾದರೆ ರಾತ್ರಿ ಹೊತ್ತು ಬೀಳುತ್ತವೆ.
ಮೊದಲ ವರ್ಷ, ಬಿದ್ದ ಮೊದಲನೆಯ ಹಣ್ಣಿಗೆ
ಮಗಳನ್ನು ಎತ್ತಿಕೊಂಡು ಬಚ್ಚಲಿಗೆ ಓಡಿದ.
ಅವಳ ಮೇಲೆ ಬೋರಲು ಬಿದ್ದವನು ಬೆಳಗಾಗುವವರೆಗೆ ಏಳಲಿಲ್ಲ.
ಕಡಿಸೋಣ ಅಂದರೆ, ಮರ ಏನು ತಪ್ಪು ಮಾಡಿದೆ ಅಂತಾನೆ.
ಅಕ್ಟೋಬರ್ ಬಂತೆಂದರೆ ನಾನೇ ಏಣಿ ಹಾಕುತ್ತೇನೆ,
ಅವನು ಮಾತ್ರೆ ನುಂಗಿ ಮಲಗಿದ ಮಧ್ಯಾಹ್ನಗಳಲ್ಲಿ,
ಒಂದೂ ಬಿಡದ ಹಾಗೆ. ಎಂಟು ವರ್ಷವಾಯಿತು.
ಪಕ್ಕದ ಮನೆಯ ಗ್ಲೆನಿಸ್ ನನ್ನನ್ನು ಆಸೆಬುರುಕಿ ಅಂತಾಳೆ.
ಈಗ ಬೆಚ್ಚುವುದಿಲ್ಲ ಅವನು.
ಬೀಳುವುದೇ ಇಲ್ಲವಲ್ಲ.'

ನನ್ನ ಭಾಷೆಯಲ್ಲಿ ಹಣ್ಣು ಮಾಗುತ್ತದೆ, ಗಾಯ ಮಾಯುತ್ತದೆ.
ನಡುವೆ ಒಂದೇ ಅಕ್ಷರ.
ಅವಳಿಗೆ ಹೇಳಹೋಗಿ, ಇಂಗ್ಲಿಷಿನಲ್ಲಿ ಎಡವಿ,
ಇರಲಿ ಬಿಡಿ ಎಂದೆ.

ಸೊನ್ನೆಯನ್ನು ತಿದ್ದಬೇಕಿತ್ತೆ?
ನಿಯಮದ ಪ್ರಕಾರ ಹೇಳಿದ್ದೇ ಉತ್ತರ.
ಷರಾ ಚೌಕದಲ್ಲಿ ಬರೆದೆ: ಮಾವಿನಕಾಯಿ, ಏಣಿ.
ಅಂಕಿಅಂಶದವರು ನಾಳೆ ಕೇಳುತ್ತಾರೆ,
ಇದು ಯಾವ ಕಾಲಮ್ಮಿಗೆ ಎಂದು.

ಹೊರಗೆ ಅವನ ಹೆಜ್ಜೆ.
ಬಾಟಲಿಯನ್ನು ನಾನೇ ಡ್ರಾಯರಿಗೆ ತಳ್ಳಿದೆ, ಅವಳಿಗಿಂತ ಮುಂಚೆ.
ಕಿವಿ ತಿಕ್ಕಿಕೊಳ್ಳುತ್ತ ಬಂದವನು ಕಾರು ಎಲ್ಲಿ ನಿಲ್ಲಿಸಿದೆವು ಎಂದು
ಎರಡು ಸಲ ಕೇಳಿದ. ಕಿಟಕಿಯ ಬಳಿ ನಿಂತ.
ಪಾರ್ಕಿಂಗಿನ ಮಾವಿನ ತುಂಬ ಹಳದಿ.

'ನಮ್ಮದೂ ಒಳ್ಳೆಯ ಮರವೇ,' ಎಂದ ನನಗೆ.
'ಒಂದು ಹಣ್ಣೂ ಕೈಗೆ ಸಿಗಲ್ಲ ನೋಡಿ.
ಎಲ್ಲ ಬಾವಲಿಗಳ ಪಾಲು.'