ಓರೆ ಬಳ್ಳಿ

ಅದು ಮಾರೂದಲ್ಲ ಅಣ್ಣಾ, ಕೆಳಗಿಡ್ರಿ.
ಹೌದು, ಬಳ್ಳಿ ಸೊಟ್ಟ ಹೋಗ್ಯಾದ.
ಈ ಚೌಬಾರಾ ಬೀದಿಯ ಯಾವ ಅಂಗಡಿಗರೆ ಒಯ್ದು ತೋರಸ್ರಿ,
ಕಲಿಯೋ ಹುಡುಗನ ಕೈ ಅಂತಾರ.
ನನ್ನ ಕೈನೇ ಅದು. ಇಪ್ಪತ್ತೆರಡು ವರ್ಷದ ಕೈ.

ಕೈ ತಪ್ಪಿಲ್ಲ, ಕಾಲು ಮಡಚಿತ್ತು.

ನಮ್ಮ ಬಿದ್ರಿ ಕೆಲಸ ನೋಡೀರೇನು?
ನೆಲಕ್ಕ ಕುಂತು ಕಾಲು ಚಾಚಬೇಕು,
ಕೂಸಿಗೆ ನೀರೆರೀವಾಗ ಮುದುಕ್ಯಾರು ಚಾಚಿದಂಗ.
ಎರಡು ಪಾದದ ನಡುವ ಹೂಜಿ.
ಉಳಿ ಬಿದ್ರೂ ಅದು ಅಲುಗಬಾರದು.
‘ಕೈ ಕೆತ್ತತದ, ಕಾಲು ಕಾಯ್ತದ’
ಅಂತಿದ್ರು ರುಕ್ನುದ್ದೀನ ಉಸ್ತಾದರು,
ತಮ್ಮ ಹೆಬ್ಬೆರಳಿನ ಗಂಟು ತೋರಿಸಿ.

ಹೋದ ವರ್ಷ ಮೇಳಕ್ಕಂತ ಕಳಿಸಿದ್ರು, ಥಾಯ್ಲೆಂಡಿಗೆ.
ಚಿಯಾಂಗ್ ಮಾಯ್. ಹೆಸರು ಬಾಯಾಗ ಕೂಡೋದ್ರಾಗ
ಊರೇ ಬಂದು ಬಿಟ್ಟಿತ್ತು.
ಎದುರಿನ ಮಳಿಗ್ಯಾಗ ಬೆಳ್ಳಿ ಬಡಿಯೋ ಮುದುಕಿ.
ಬೆಳ್ಳಿ ಅಂದ್ರ ಬೆಳ್ಳಿನೇ, ಅದರ ಸಪ್ಪಳಕ್ಕ ಭಾಷಾ ಇಲ್ಲ.
ನಕ್ಕಳು. ನಾನೂ ನಕ್ಕೆ.
ಕುಂತೆ, ಸೀರಿ ಸರಿ ಮಾಡಿಕೊಂಡು ಕಾಲು ಚಾಚಿದೆ.

ಸಪ್ಪಳ ನಿಂತಿತು.
ಆಕಿ ನನ್ನ ಮಾರಿ ನೋಡಲಿಲ್ಲ, ಅಂಗಾಲು ನೋಡಿದಳು.
ಆಮ್ಯಾಲ ಹೊಳ್ಳಿ ತನ್ನ ಹಿಂದ ನೋಡಿದಳು:
ಸಣ್ಣ ಹಲಗಿ ಮ್ಯಾಲ ಬುದ್ಧ, ಎರಡು ಮಲ್ಲಿಗಿ ಮಾಲಿ,
ಒಂದು ಲೋಟ ನೀರು.
ನನ್ನ ಒಡದ ಹಿಮ್ಮಡಿ ನೆಟ್ಟಗ ಅವನ ಕಡೆ.

ದುಭಾಷಿ ಹುಡುಗ ಓಡಿ ಬಂದ.
ಅವ ಹೇಳೋಕಿಂತ ಮೊದಲೇ ಮಡಚಿದ್ದೆ.
ಪುಸ್ತಕಕ್ಕ ಕಾಲು ತಾಕಿದ್ರ ಕಣ್ಣಿಗೊತ್ತಿಕೊಳ್ಳೋ ಮನಿಯಾಕಿ ನಾನು,
ಹೊಸ್ತಿಲ ತುಳದು ಬೈಸಿಕೊಂಡಾಕಿ.
ತಿಳೀಲಾರದ ಮಾತೇನಲ್ಲ.
ಬರೇ ಇಷ್ಟು, ಕೆಲಸದಾಗ ನನ್ನ ಕಾಲು ನನಗ ಕಾಲಲ್ಲ,
ಇಕ್ಕಳ.

ನಾಕು ದಿನ ಮಡಚಿಕೊಂಡೇ ಕೆತ್ತಿದೆ.
ಹೂಜಿ ತೊಡಿ ಮ್ಯಾಲ ಜಾರತಿತ್ತು,
ಬೆಳ್ಳಿ ತಂತಿ ತಾ ಕಂಡ ಹಾದಿ ಹಿಡೀತು.
ಜೋಮು ಹಿಡಿದ ಕಾಲಾಗ ಸಂಜೀಕ ಎದ್ದರ
ಈಗ ಹುಟ್ಟಿದ ಕರುವಿನಂಗ ಮುಗ್ಗರಿಸತಿದ್ದೆ,
ಮುದುಕಿ ಬಂದು ರಟ್ಟಿ ಹಿಡೀತಿದ್ದಳು.

ಕಡೀ ದಿನ ನಮ್ಮ ಕ್ವಾಟಿ ಮಣ್ಣಿನ ಗಂಟು ಬಿಚ್ಚಿದೆ.
ಬಿಸಲು ಕಾಣದ ಮಣ್ಣು, ಮಳಿ ಕಾಣದ ಮಣ್ಣು.
ಚಿಟಿಕಿ ತಗೊಂಡು ನಾಲಿಗಿ ಮ್ಯಾಲಿಟ್ಟು ರುಚಿ ನೋಡಿದೆ.
ಮಂದಿ ಮೂಗು ಮುರಿದರು, ಫೋನು ಎತ್ತಿದರು.
ಮುದುಕಿ ಮಾತ್ರ ಮಾರಿ ಹೊರಳಿಸಿದಳು,
ಬ್ಯಾರೇದವರು ಜಳಕ ಮಾಡುವಾಗ ಹೊರಳಸ್ತಾರಲ್ಲ, ಹಂಗ.

ಹೊಂಟಾಗ, ಹಿರಿಯಾಕಿ ಅಂತ, ಪಾದಕ್ಕ ಕೈ ಚಾಚಿದೆ.
ಹೌಹಾರಿ ಹಿಂದ ಸರಿದಳು!
ಮತ್ತ ತಪ್ಪಿದೆ ನೋಡ್ರಿ.
ನಾ ಕಲಿತ ಮರ್ಯಾದಿ ಎಲ್ಲಾ ಕಾಲಿಂದನೇ ಸುರು ಆಗ್ತದ.
ಕಡೀಕ ಆಕಿ ಎರಡೂ ಕೈ ಜೋಡಿಸಿ ಮೂಗಿನ ಮಟ ಎತ್ತಿದಳು.
ಅದು ನನಗೂ ಬರತಿತ್ತು.

ಬೀದರಿಗೆ ಬಂದ ಮ್ಯಾಲ ಅಪ್ಪ ಅಂದ, ಕರಗಿಸಿ ಬಿಡು.
ಬ್ಯಾಡ ಅಂದೆ.
ಮೂರನೇ ಎಲಿ ಹತ್ತಿರ ಸೊಟ್ಟ ಆಗ್ಯಾದಲ್ಲ,
ಅಲ್ಲಿ ಬಳ್ಳಿ ಯಾರಿಗೋ ಹಾದಿ ಬಿಟ್ಟು
ಸರಿದು ನಿಂತಂಗ ಕಾಣತದ ನನಗ.

ಚಹಾ ತರಸ್ಲೇನು? ಕೂಡ್ರಿ.
ಆ ಕಡಿಂದ ಬ್ಯಾಡ, ಈ ಕಡಿಂದ ಬರ್ರಿ.
ಈಗ ಬೂಟಿನಾಗ ದಾಟಿದ್ರಲ್ಲ ತಟ್ಟಿ,
ಅದರಾಗಿಂದು ಮಣ್ಣು.
ನಾಲಿಗಿ ಮ್ಯಾಲ ಇಡೋ ಮಣ್ಣು.
ಇರಲಿ, ಇರಲಿ, ನಿಮಗೇನು ಗೊತ್ತು.
ಸಕ್ಕರಿ ಎಷ್ಟು?